ಸಿಎಂ ಸಹಿ ಮತ್ತು ಹನ್ನೆರಡು ಅಡಿ ದಾರಿ

ಅಮೋಘಸಿದ್ದಪ್ಪನಿಗೆ ದಾರಿ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ನಲವತ್ತಾರು ಕುರಿ, ಕಾಳ್ಯಾ ಎಂಬ ನಾಯಿ, ಧೂಳಮ್ಮ ಎಂಬ ಹೆಂಡತಿ, ಆಧಾರ್ ಕಾರ್ಡು, ತಗಡು ಹೊದಿಸಿದ ಎರಡು ಖೋಲಿ, ಅದರ ಹಿಂದೆ ಕುರಿದೊಡ್ಡಿ. ದೊಡ್ಡಿಯಿಂದ ಕೆರೆಗೆ ಹೋಗಲು ಮೊದಲು ದಾರಿಯೂ ಇತ್ತು. ಹನ್ನೆರಡು ಅಡಿ ಅಗಲದ ಬಂಡಿದಾರಿ. ಧನರಾಜನ ಹೊಲದ ಅಂಚಿನಲ್ಲಿ ಹಾದು ಹತ್ತು ನಿಮಿಷದಲ್ಲಿ ನೀರು ಮುಟ್ಟಿಸುತ್ತಿತ್ತು. ಹುಮನಾಬಾದಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಧನರಾಜ ಈ ವರ್ಷ ಆ ದಾರಿಯನ್ನೂ ಉತ್ತು ಕಬ್ಬು ಹಚ್ಚಿದ. ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದ.

"ಮಾಲಕ್ರೇ, ದಾರಿ ನಕಾಶೆದಾಗ ಅದರಿ," ಎಂದ ಅಮೋಘಸಿದ್ದಪ್ಪ.

"ನಕಾಶೆದಾಗ ಸಮುದ್ರ ಭೀ ಅದ. ಹೋಗಿ ಅಲ್ಲಿ ನೀರು ಕುಡಸು," ಎಂದ ಧನರಾಜ.

ಹಾಗಾಗಿ ಕುರಿಗಳು ಹೆದ್ದಾರಿಗೆ ಬಂದವು. ಊರು ಇರುವುದು ಹುಮನಾಬಾದ್ ದಾಟಿ ಮನ್ನಾಏಖೇಳ್ಳಿ ಕಡೆಗೆ ಹೋಗುವ ದೊಡ್ಡ ರಸ್ತೆಯ ಬದಿಯಲ್ಲಿ. ಹೈದರಾಬಾದಿನಿಂದ ಸೋಲಾಪುರಕ್ಕೆ, ಸೋಲಾಪುರದಿಂದ ಹೈದರಾಬಾದಿಗೆ ಹಗಲೂ ರಾತ್ರಿ ಲಾರಿ. ಕೆರೆ ಮುಟ್ಟಲು ಆ ರಸ್ತೆಯ ಮೇಲೆ ಒಂದು ಕಿಲೋಮೀಟರ್ ನಡೆದು, ಅಡ್ಡ ದಾಟಿ, ಸಂಜೆ ಅದೇ ರೀತಿ ಹಿಂತಿರುಗಬೇಕು. ಧೂಳಮ್ಮ ಕೋಲಿಗೆ ಕೆಂಪು ಸೀರೆಯ ತುಂಡು ಕಟ್ಟಿ ಮುಂದೆ ನಡೆಯುತ್ತಿದ್ದಳು, ಕಾಳ್ಯಾ ಪಕ್ಕದಲ್ಲಿ, ಅಮೋಘಸಿದ್ದಪ್ಪ ಹಿಂದೆ. ಮೂರು ತಿಂಗಳಲ್ಲಿ ಒಂದು ಕುರಿಯೂ ಹೋಗಲಿಲ್ಲ. ಇದನ್ನು ಯಾರೂ ಸಾಧನೆ ಎಂದು ಗುರುತಿಸಲಿಲ್ಲ. ಆ ಕೆಂಪು ಬಟ್ಟೆಗೆ ಸಹಿ ಇರಲಿಲ್ಲ.

ಅಷ್ಟರಲ್ಲಿ ಮುಖ್ಯಮಂತ್ರಿ ಬಸವಕಲ್ಯಾಣಕ್ಕೆ ಬರುವುದು ಗೊತ್ತಾಯಿತು. ಯಾವ ಮುಖ್ಯಮಂತ್ರಿ ಎಂಬುದು ಈ ಕಥೆಗೆ ಬೇಕಿಲ್ಲ. ಯಾರು ಬಂದಿದ್ದರೂ ಅದೇ ಒಂದು ಸಾಲು ಬರೆಯುತ್ತಿದ್ದರು.

ನಮ್ಮ ಕಡೆ ದೊಡ್ಡ ನಾಯಕರು ಬಂದರೆ ವೇದಿಕೆಯ ಮೇಲೆ ಹೆಗಲಿಗೆ ಕರಿ ಕಂಬಳಿ ಹೊದಿಸಿ ಕೈಗೆ ಕುರಿಮರಿ ಕೊಡುವ ಪದ್ಧತಿ ಇದೆ. ಹೊದಿಸುವವನು ನೋಡಲು ಕುರುಬನ ಹಾಗೆ ಇರಬೇಕು. ಕಾರ್ಯಕರ್ತರೆಲ್ಲ ಜೀನ್ಸ್ ಪ್ಯಾಂಟಿನಲ್ಲಿದ್ದುದರಿಂದ ಸಂಘಟಕರು ನಿಜವಾದ ಕುರುಬನನ್ನು ಹುಡುಕಿಕೊಂಡು ಊರಿಗೇ ಜೀಪು ಕಳಿಸಿದರು. ಅಮೋಘಸಿದ್ದಪ್ಪನಿಗೆ ಮೀಸೆ ಇತ್ತು, ರುಮಾಲು ಇತ್ತು. ಕಂಬಳಿ ಅವನದೇ, ಮರಿಯೂ ಅವನದೇ.

"ಮರಿ ವಾಪಸ್ ಕೊಡ್ತಾರೇನು?" ಧೂಳಮ್ಮ ಕೇಳಿದಳು.

"ಸಿಎಂಗೆ ಕೊಟ್ಟ ಮರಿ ವಾಪಸ್ ಕೇಳ್ತಾರೇನ ಹುಚ್ಚಿ? ಬದ್ಲಿಗೆ ದಾರಿ ಕೇಳ್ತೀನಿ."

ಕಂಬಳಿಯ ಮಡಿಕೆಯೊಳಗೆ ಅರ್ಜಿ ಇಟ್ಟುಕೊಂಡು ವೇದಿಕೆ ಹತ್ತಿದ. ಕಂಬಳಿ ಹೊದಿಸಿದ. ಮರಿ ಕೊಟ್ಟ. ಮರಿ ಮುಖ್ಯಮಂತ್ರಿಯ ತೋಳಿನಲ್ಲಿ ಉಚ್ಚೆ ಹೊಯ್ದಿತು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಅರ್ಜಿ ಚಾಚಿದ. ಮುಖ್ಯಮಂತ್ರಿ ಪೆನ್ನು ಈಸಿಕೊಂಡು ಅದರ ಅಂಚಿನಲ್ಲಿ ಬರೆದರು: "ಜಿಲ್ಲಾಧಿಕಾರಿಗಳು, ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು." ಕೆಳಗೆ ಸಹಿ.

ಇಂಥ ಅರ್ಜಿ ಅಲ್ಲಿಂದ ಪಕ್ಕದಲ್ಲಿ ನಿಂತ ಆಪ್ತ ಸಹಾಯಕನ ಕೈಗೆ ಹೋಗಬೇಕು. ಅವನ ಫೈಲಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ. ಸಹಾಯಕ ಕೈ ಚಾಚಿದ. "ಕೊಡಪ್ಪ ಇಲ್ಲಿ."

"ಇದು ನಂದರಿ," ಎಂದು ಅಮೋಘಸಿದ್ದಪ್ಪ ಕಾಗದವನ್ನು ಎದೆಗೆ ಒತ್ತಿಕೊಂಡು ವೇದಿಕೆಯಿಂದ ಜಿಗಿದ. ಮೂರು ಸಾವಿರ ಜನರ ನಡುವೆ ಅವನನ್ನು ಹುಡುಕುವ ಉತ್ಸಾಹ ಯಾರಿಗೂ ಇರಲಿಲ್ಲ. ಹೀಗೆ ರಾಜ್ಯ ಸರ್ಕಾರದ ಒಂದು ಆದೇಶ ಕುರುಬನೊಬ್ಬನ ಅಂಗಿಯೊಳಗೆ ಕೂತು ಸರ್ಕಾರಿ ಬಸ್ಸಿನಲ್ಲಿ ಹುಮನಾಬಾದಿಗೆ ಬಂತು.

ಹುಮನಾಬಾದಿನಲ್ಲಿ ಮಳೆ ಹಿಡಿಯಿತು. ಕಾಗದದ ಒಂದು ಮೂಲೆ ತೋಯ್ದಿತು. ಅಮೋಘಸಿದ್ದಪ್ಪ ಗಾಬರಿಯಿಂದ ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಗೆ ಓಡಿದ. ಅಂಗಡಿ ರುಬೀನಾ ಎಂಬ ಹುಡುಗಿಯದು.

"ಎಷ್ಟು ಕಾಪಿ ತೆಗೀಲಿ ಚಾಚಾ?"

"ಕಾಪಿ ಬ್ಯಾಡವ್ವ. ನೀರು ಹತ್ತಬಾರದು, ಹರೀಬಾರದು, ಹಂಗ ಏನಾರ ಮಾಡು."

"ಲ್ಯಾಮಿನೇಶನ್ ಮಾಡ್ತೀನಿ. ಆದ್ರ ಒಮ್ಮೆ ಮಾಡಿದ್ರ ಬಿಚ್ಚಾಕ ಬರಲ್ಲ ನೋಡ್ರಿ."

"ಬಿಚ್ಚಬಾರದು ಅಂತನೇ ಹೇಳಾಕತ್ತೀನಿ."

"ಇದು ಆಫೀಸಿಗಿ ಕೊಡೋ ಕಾಗದ ಅಲ್ಲೇನ್ರಿ ಚಾಚಾ?"

"ಸಿಎಂ ದಸ್ಕತ್ ಆಫೀಸಿಗಿ ಯಾರು ಕೊಡ್ತಾರವ್ವ? ತೋರಸ್ತಾರ."

ರುಬೀನಾ ಸಹಿಯನ್ನು ಒಮ್ಮೆ ನೋಡಿದಳು, ಅವನನ್ನು ಒಮ್ಮೆ ನೋಡಿದಳು, ಯಂತ್ರದ ಸ್ವಿಚ್ ಒತ್ತಿದಳು. ಕಾಗದ ಬಿಸಿಯಾಗಿ, ಗಟ್ಟಿಯಾಗಿ, ಹೊಳೆಯುತ್ತ ಹೊರಬಂತು.

ಊರಿನಲ್ಲಿ ನಾಗನಾಥನ ಹೋಟೆಲ್ ಮುಂದೆ ಕಾಗದದ ದರ್ಶನ ಏರ್ಪಟ್ಟಿತು. ಹೆಂಗಸರು ದೂರದಿಂದ ನೋಡಿದರು. ಗಂಡಸರು ಕೈ ಒರೆಸಿಕೊಂಡು ಮುಟ್ಟಿದರು. ನಾಗನಾಥ ಚಹಾ ಪುಕ್ಕಟೆ ಕೊಟ್ಟ. ಹೋಟೆಲ್ ಆರಂಭವಾದಂದಿನಿಂದ ಹೀಗಾದದ್ದು ಅದೇ ಮೊದಲು. ಮೂರು ದಿನದಿಂದ ಊರಿನಲ್ಲಿ ಕರೆಂಟ್ ಇರಲಿಲ್ಲ. ಲೈನ್‌ಮನ್ ಬಂದಾಗ ಯಾರೋ ಕಾಗದ ತೋರಿಸಿದರು. ಅವನು ಓದದೆಯೇ ಕಂಬ ಹತ್ತಿದ. ಕರೆಂಟ್ ಬಂತು. ಆಮೇಲೆ ಊರಿಗೆ ಅನುಮಾನ ಉಳಿಯಲಿಲ್ಲ.

ಧನರಾಜನಿಗೂ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಅವನೇ ನಿಂತು ಆಳುಗಳಿಂದ ಕೆರೆ ಕಡೆಯ ನಾಲ್ಕು ಕಂಬ, ಮನೆ ಕಡೆಯ ನಾಲ್ಕು ಕಂಬ ಕೀಳಿಸಿದ. ಅಮೋಘಸಿದ್ದಪ್ಪನ ಅಂಗಳಕ್ಕೆ ಬಂದು ನಿಂತ.

"ಕಾಕಾ, ನೀನು ಇಷ್ಟು ದೂರ ಹೋಗೂದು ಏನಿತ್ತು? ಮನಿ ಮಾತು ಮನ್ಯಾಗ ಮುಗಸ್ತಿದ್ವಿ."

ಅಮೋಘಸಿದ್ದಪ್ಪ ಕಾಕಾ ಆದದ್ದು ಅಂದೇ. ಮೂರು ದಿನ ಕುರಿಗಳು ಕಬ್ಬಿನ ಎಳೆಗರಿ ಕಡಿಯುತ್ತ ಹಳೆಯ ದಾರಿಯಲ್ಲಿ ನಡೆದು ನೀರು ಕುಡಿದವು. ಧೂಳಮ್ಮ ಕೆಂಪು ಬಟ್ಟೆ ಒಗೆದು ಒಣಹಾಕಿದಳು. ಕಥೆ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಊರಿನಲ್ಲಿ ಓದಿದವನೊಬ್ಬನಿದ್ದ.

ಶರಣಕುಮಾರ ಕೆಎಎಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದವನು. ಧಾರವಾಡದ ಖೋಲಿ ಖಾಲಿ ಮಾಡಿ ಬಂದ ಮೇಲೆ ಅವನ ಜ್ಞಾನಕ್ಕೆ ನಾಗನಾಥನ ಹೋಟೆಲ್ ಒಂದೇ ಗಿರಾಕಿ. ನಾಲ್ಕನೆಯ ದಿನ ಬೆಳಿಗ್ಗೆ ಅವನು ಕಾಗದವನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿ ತುಟಿ ಓರೆ ಮಾಡಿದ.

"ಇದರಾಗ ಏನೂ ಇಲ್ಲ ಮಾಮಾ."

"ಏನೂ ಇಲ್ಲ ಅಂದ್ರ? ದಸ್ಕತ್ ಕಾಣಲ್ಲೇನು?"

"ದಸ್ಕತ್ ಅದ. ಆದ್ರ ಮುಖ್ಯಮಂತ್ರಿ ಅಧಿಕಾರ ಮತ್ತು ಕಾರ್ಯಗಳು ಅಂತ ಹತ್ತು ಮಾರ್ಕ್ಸಿನ ಪ್ರಶ್ನೆ. ನಾನು ಎರಡು ಸಲ ಬರದೀನಿ. ಮಂತ್ರಿಗಳ್ನ ಆರಿಸೂದು, ಖಾತೆ ಹಂಚೂದು, ಸಂಪುಟ ಸಭೆ ನಡಸೂದು, ರಾಜ್ಯಪಾಲರಿಗಿ ಸಲಹೆ ಕೊಡೂದು..." ಅವನು ಬೆರಳು ಮಡಿಸುತ್ತ ಹತ್ತಕ್ಕೆ ಮುಟ್ಟಿದ. "ಹತ್ತರಾಗ ಎಲ್ಲಿ ಭೀ ಕಲ್ಲುಕಂಬ ಬರಲ್ಲ. ನಿಯಮಾನುಸಾರ ಅಂದಾರ. ಅಂದ್ರ ನಿಯಮ ಏನದ ನೀವೇ ನೋಡ್ಕೋರಿ ಅಂತ. ದಾರಿ ಬಿಡ್ರಿ ಅಂತ ಎಲ್ಲಿ ಬರದಾರ, ತೋರಸು."

ಅಮೋಘಸಿದ್ದಪ್ಪ ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿದ. "ಸಿಎಂ ಎಲ್ಲರಕಿಂತ ದೊಡ್ಡವನಲ್ಲೇನು?"

"ದೊಡ್ಡವನೇ. ಅದಕ್ಕ ಸಣ್ಣ ಕೆಲಸ ಅವನ ಕಡೆ ಇಲ್ಲ."

ಈ ಉತ್ತರಕ್ಕೆ ಯಾವ ಪರೀಕ್ಷೆಯಲ್ಲಾದರೂ ಹತ್ತಕ್ಕೆ ಹತ್ತು ಸಿಗಬೇಕಿತ್ತು. ಸಿಕ್ಕಿದ್ದು ಧನರಾಜನ ಕಿವಿಗೆ. ಅವನು ಪಕ್ಕದ ಮೇಜಿನಲ್ಲಿ ಬಸಿಯಲ್ಲಿ ಚಹಾ ಸುರಿದುಕೊಂಡು ಕೂತಿದ್ದ.

"ಹಂಗಾದ್ರ ನನ್ನ ಕಂಬ ಕೀಳಸೂ ಅಧಿಕಾರ ಸಿಎಂಗೆ ಇಲ್ಲ?"

"ನೇರವಾಗಿ ಇಲ್ರಿ," ಎಂದ ಶರಣಕುಮಾರ. ತನ್ನ ಮಾತನ್ನು ದುಡ್ಡಿದ್ದವನೊಬ್ಬ ಗಮನವಿಟ್ಟು ಕೇಳಿದ್ದಕ್ಕೆ ಅವನಿಗೆ ಸಂತೋಷವಾಗಿತ್ತು.

ಧನರಾಜ ಬಸಿ ಕೆಳಗಿಟ್ಟು ಎದ್ದ. ಮಧ್ಯಾಹ್ನದೊಳಗೆ ಎಂಟೂ ಕಂಬ ಮೊದಲಿನ ಜಾಗದಲ್ಲಿ ನಿಂತವು. ಈ ಸಲ ಬುಡಕ್ಕೆ ಸಿಮೆಂಟ್ ಹಾಕಿಸಿದ. ಅಮೋಘಸಿದ್ದಪ್ಪ ಬೇಲಿಯ ಆಚೆ ನಿಂತು ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಹೊಳೀತದಲ್ಲೋ," ಎಂದ ಧನರಾಜ. "ಮನ್ಯಾಗ ಗ್ವಾಡಿಗಿ ಹಚ್ಚು, ಚಂದ ಕಾಣ್ತದ."

ಕಾಕಾ ಎಂಬ ಸಂಬಂಧ ನಾಲ್ಕು ದಿನಕ್ಕೆ ಮುಗಿಯಿತು.

ಅಮೋಘಸಿದ್ದಪ್ಪ ತಾಲ್ಲೂಕು ಕಚೇರಿಗೆ ಹೋದ. ಬಂದ ಕಾಗದಗಳಿಗೆ ಮೊಹರು ಹೊಡೆದು ನಂಬರ್ ಬರೆಯುವ ಮೇಜಿನಲ್ಲಿ ವಿದ್ಯಾವತಿ ಎಂಬ ಹೆಂಗಸು ಕೂತಿದ್ದಳು. ಸಿಎಂ ಸಹಿ ಕಂಡು ಅವಳು ನೆಟ್ಟಗಾದಳು. ಮೊಹರನ್ನು ಶಾಯಿಗೆ ಅದ್ದಿ ಬಲವಾಗಿ ಒತ್ತಿದಳು. ಮೊಹರು ಜಾರಿತು. ಪ್ಲಾಸ್ಟಿಕ್ಕಿನ ಮೇಲೆ ನೇರಳೆ ಬಣ್ಣದ ಒಂದು ಕಲೆ ಮೂಡಿತು. ಅಮೋಘಸಿದ್ದಪ್ಪ ಅದನ್ನು ರುಮಾಲಿನ ತುದಿಯಿಂದ ಮರ್ಯಾದೆಯಿಂದ ಒರೆಸಿದ. ಅವಳು ಮತ್ತೆ ಒತ್ತಿದಳು. ಅವನು ಮತ್ತೆ ಒರೆಸಿದ.

"ಮೊಹರು ಕೂಡಲ್ಲ ಕಾಕಾ. ಮೊಹರು ಇಲ್ದ ನಂಬರ್ ಇಲ್ಲ, ನಂಬರ್ ಇಲ್ದ ಫೈಲ್ ಇಲ್ಲ. ಇದನ್ನ ಬಿಚ್ಚಸ್ಕೊಂಡು ಬಾ."

"ಬಿಚ್ಚಿದ್ರ ದಸ್ಕತ್ ಕಿತ್ತು ಬರ್ತದ್ರಿ."

"ಹಂಗಾದ್ರ ಇದರದೊಂದು ಝೆರಾಕ್ಸ್ ಕೊಡು."

"ನಕಲಿ ಕಾಗದ ಕೊಟ್ಟ ಅಂತ ನಾಳೆ ನನ್ನೇ ಹಿಡೀತೀರಿ."

ಪಕ್ಕದ ಮೇಜಿನ ಅನೀಲಕುಮಾರ ಎಂಬ ಗುಮಾಸ್ತ ಕಾಗದಕ್ಕೆ ತೂತು ಹಾಕಿ ದಾರ ಕಟ್ಟಬಹುದೇ ನೋಡಲು ಪಂಚಿಂಗ್ ಯಂತ್ರ ತಂದ. ಅಮೋಘಸಿದ್ದಪ್ಪ ಕಾಗದವನ್ನು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಂಡ.

"ಸಿಎಂಗೆ ತೂತು ಹಾಕ್ತೀರೇನ್ರಿ?"

ವಿದ್ಯಾವತಿ ಕೆಟ್ಟವಳಲ್ಲ. ಅವಳು ಪೆನ್ನು ಕೆಳಗಿಟ್ಟು ತಗ್ಗಿದ ದನಿಯಲ್ಲಿ ಹೇಳಿದಳು: "ಕಾಕಾ, ನಾನೊಂದು ಮಾತು ಹೇಳ್ತೀನಿ ಕೇಳು. ನಕಾಶೆ ದಾರಿ ಬಿಡಿಸೂ ಅಧಿಕಾರ ನಮ್ಮ ತಹಸೀಲ್ದಾರ್ ಸಾಹೇಬರಿಗೇ ಅದ. ಒಂದು ಬಿಳಿ ಹಾಳಿ ಮ್ಯಾಲ ನಾಲ್ಕು ಸಾಲು ಬರಕೊಡು. ತಿಂಗಳೊಳಗ ಅಳತೆಯವರು ಬರ್ತಾರ. ಸಿಎಂ ಬೇಕಾಗೇ ಇರ್ಲಿಲ್ಲ."

ಅಮೋಘಸಿದ್ದಪ್ಪನ ಮುಖ ಕೆಂಪಾಯಿತು. ಕಂಬಳಿ ಕೊಟ್ಟು, ಮರಿ ಕೊಟ್ಟು, ಮೂರು ಸಾವಿರ ಜನರ ಮುಂದೆ ವೇದಿಕೆ ಹತ್ತಿದವನು ಅವನು.

"ಸಿಎಂ ಬರಕೊಟ್ಟಿದ್ದು ಬಿಟ್ಟು ತಹಸೀಲ್ದಾರ್ ಮುಂದ ಕೈ ಮುಗೀಲೇನವ್ವ? ಸಿಎಂಗೆ ಅವಮಾನ ಅಲ್ಲೇನು? ನನ್ನಿಂದ ಅಂಥ ಕೆಲಸ ಆಗಲ್ಲ."

ಒಂದು ರಾಜ್ಯದ ಮುಖ್ಯಮಂತ್ರಿಯ ಗೌರವವನ್ನು ಇಷ್ಟು ಕಾಳಜಿಯಿಂದ ಕಾಪಾಡಿದವರು ಸಂಪುಟದಲ್ಲೂ ಇರಲಿಕ್ಕಿಲ್ಲ. ಅವನು ಹೊರಗೆ ನಡೆದ. ಜೊತೆಗೆ ಬಂದಿದ್ದ ಧೂಳಮ್ಮ ನೀರು ಕುಡಿದು ಬರುತ್ತೇನೆಂದು ಹಿಂದೆ ಉಳಿದಳು. ವಿದ್ಯಾವತಿಯ ಮೇಜಿಗೆ ಹೋಗಿ ನಿಂತಳು.

"ಯಕ್ಕಾ, ನನ್ನ ಹೆಸರಲೆ ಬರೀರಿ."

ವಿದ್ಯಾವತಿ ಬರೆದಳು. ಧೂಳಮ್ಮ ಹೆಬ್ಬೆಟ್ಟು ಒತ್ತಿದಳು. ಮೊಹರು ಒಂದೇ ಏಟಿಗೆ ಕೂತಿತು. ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಅವಳು ಬಂದು ಬಸ್ ಹತ್ತಿದಳು. ಗಂಡನಿಗೆ ಹೇಳಲಿಲ್ಲ.

ಇತ್ತ ಅಮೋಘಸಿದ್ದಪ್ಪ ಕಾಗದಕ್ಕೆ ಹೊಸ ಉಪಯೋಗ ಕಂಡುಹಿಡಿದಿದ್ದ. ಒಂದು ಬೆಳಿಗ್ಗೆ ಹೆದ್ದಾರಿ ದಾಟುವಾಗ ಅದನ್ನು ಅಂಗಿಯಿಂದ ತೆಗೆದು ಎತ್ತಿ ಹಿಡಿದ. ಬಿಸಿಲು ಬಿದ್ದು ಪ್ಲಾಸ್ಟಿಕ್ ಫಳಫಳ ಹೊಳೆಯಿತು. ಎದುರಿನ ಲಾರಿಯವನಿಗೆ ಅದು ಪೊಲೀಸ್ ಬೋರ್ಡೋ ಆರ್‌ಟಿಓ ಕಾಗದವೋ ಏನು ಕಂಡಿತೋ, ಗಾಡಿ ನಿಂತಿತು. ಹಿಂದಿನವೂ ನಿಂತವು. ಹನ್ನೊಂದು ವಾಹನ. ನಲವತ್ತೈದು ಕುರಿ ಸಾವಕಾಶವಾಗಿ ದಾಟಿದವು. ಕೆಂಪು ಬಟ್ಟೆ ಹಿಡಿದ ಧೂಳಮ್ಮ ಮುಂದೆಯೇ ಇದ್ದಳು. ಆದರೆ ಗಾಡಿ ನಿಂತದ್ದು ಸಹಿಗೆ ಎಂದೇ ಅವನು ಲೆಕ್ಕ ಹಿಡಿದ.

ಹೋಟೆಲಿನಲ್ಲಿ ಇದನ್ನು ಹೇಳಿದಾಗ ಶರಣಕುಮಾರ ತಲೆ ಅಲ್ಲಾಡಿಸಿದ.

"ಮಾಮಾ, ಆ ರಸ್ತಾ ರಾಷ್ಟ್ರೀಯ ಹೆದ್ದಾರಿ. ಕೇಂದ್ರದ್ದು. ಅಲ್ಲಿ ನಮ್ಮ ಸಿಎಂ ಮಾತು ನಡಿಯಲ್ಲ. ಮ್ಯಾಲ ಲಾರಿ ತೆಲಂಗಾಣದ್ದು ಇದ್ರಂತೂ ಅವರ ಸಿಎಂ ಬ್ಯಾರೆ."

"ನಿನ್ನ ಪುಸ್ತಕ ನಿನ್ನ ಕಡೆ ಇಟ್ಕೋ. ಹನ್ನೊಂದು ಗಾಡಿ ನಿಂತಾವ. ತೆಲಂಗಾಣದ್ದು ಭೀ ಇತ್ತು."

"ಸಿಎಂ ಅಂತ ತಿಳಕೊಂಡು ನಿಂತಿಲ್ಲೋ ಅವು."

"ಮತ್ತ ನಿನ್ನ ನೋಡಿ ನಿಂತ್ವೇನು?"

ನಾಗನಾಥ ನಕ್ಕ, ಎಲ್ಲರೂ ನಕ್ಕರು. ನಾಲ್ಕನೆಯ ಸಲ ಫೇಲಾದ ಮುಖ ಮಾಡಿಕೊಂಡು ಶರಣಕುಮಾರ ಎದ್ದು ಹೋದ. ಸರಿಯಾದ ಉತ್ತರವನ್ನು ಅವನು ಆಗ ಎರಡನೆಯ ಸಲ ಹೇಳಿದ್ದ. ಮೊದಲನೆಯದನ್ನು ಹೇಳಬಾರದಿತ್ತು, ಎರಡನೆಯದನ್ನು ಯಾರೂ ಕೇಳಲಿಲ್ಲ.

ಧೂಳಮ್ಮ ಅರ್ಜಿ ಕೊಟ್ಟ ಇಪ್ಪತ್ತಾರನೆಯ ದಿನ ಗ್ರಾಮ ಆಡಳಿತಾಧಿಕಾರಿ ಅಂಬಾದಾಸ ಬೈಕಿನಲ್ಲಿ ಬಂದ. ಕೈಯಲ್ಲಿ ನೋಟೀಸು. ಅದು ಸೋಮವಾರ ಸಂಜೆ.

"ಧೂಳಮ್ಮ ಯಾರು? ಗುರುವಾರ ಅಳತೆ ಅದ. ತಹಸೀಲ್ದಾರ್ ಸಾಹೇಬ್ರು ಸ್ವತಃ ಬರ್ತಾರ. ನಕಾಶೆ ಬರಾಬರ್ ಅದ, ಕಂಬ ಅವತ್ತೇ ಕೀಳಸ್ತಾರ. ಧನರಾಜಗ ಭೀ ನೋಟೀಸ್ ಕೊಟ್ಟೀನಿ."

ಧೂಳಮ್ಮ ಹೆಬ್ಬೆಟ್ಟು ಒತ್ತಿ ನೋಟೀಸು ಈಸಿಕೊಂಡಳು. ಅಮೋಘಸಿದ್ದಪ್ಪ ಕಟ್ಟೆಯ ಮೇಲಿಂದ ನಿಧಾನ ಎದ್ದ. "ಸಿಎಂ ಆದೇಶ ಬಂತೇನ್ರಿ?"

"ಯಾವ ಸಿಎಂ?" ಎಂದ ಅಂಬಾದಾಸ. ಬೈಕ್ ಶುರು ಮಾಡಿದ.

ಬೈಕಿನ ಹೊಗೆ ಇನ್ನೂ ಆರಿರಲಿಲ್ಲ. ಅಮೋಘಸಿದ್ದಪ್ಪ ಕೂಗಿದ.

"ನನ್ನ ಕಾಗದ ಇದ್ದಂಗೇ ನೀ ಬ್ಯಾರೆ ಅರ್ಜಿ ಕೊಟ್ಟೀ? ನನ್ನ ಮರ್ಯಾದಿ ತೆಗದೀ ನೀನು!"

"ದಾರಿ ಬಂತು ನೋಡು."

"ದಾರಿ ನನ್ನಿಂದ ಬರಬೇಕಾಗಿತ್ತು."

"ಕುರಿಗಿ ಯಾರಿಂದ ಬಂದ್ರೇನು?" ಎಂದಳು ಧೂಳಮ್ಮ. "ಎರಡು ದಿನದ ಮಾತು. ನಾಳೆ, ನಾಡದು ಕುರಿ ಹೊರಗ ಬಿಡಬ್ಯಾಡ. ನಾ ಮೇವು ಕೊಯ್ದು ಹಾಕ್ತೀನಿ, ಕೊಡದಾಗ ನೀರು ತರ್ತೀನಿ. ಗುರುವಾರ ಸೀದಾ ದಾರಿಗಿ ಹೊಡಿ."

"ಸಿಎಂ ದಸ್ಕತ್ ಇಟ್ಕೊಂಡು ಕುರಿ ಕಟ್ಟಿಹಾಕಲೇನು? ಊರು ನಗ್ತದ."

"ನಗ್ಲಿ."

"ನೀ ಬರಬ್ಯಾಡ. ನನಗ ನಿನ್ನ ಬಟ್ಟಿ ಭೀ ಬ್ಯಾಡ."

ಮಂಗಳವಾರ ಮೋಡ ಕವಿದಿತ್ತು. ಜಿಟಿಜಿಟಿ ಮಳೆ. ಧೂಳಮ್ಮ ನಸುಕಿನಲ್ಲೇ ಕುಡಗೋಲು ಹಿಡಿದು ಮೇವಿಗೆ ಹೋಗಿದ್ದಳು. ಅಮೋಘಸಿದ್ದಪ್ಪ ದೊಡ್ಡಿಯ ಬಾಗಿಲು ತೆಗೆದ. ನಲವತ್ತೈದು ಕುರಿ, ಕಾಳ್ಯಾ, ಅವನು. ಹೋಟೆಲ್ ಮುಂದೆ ಹಾಯುವಾಗ ನಾಗನಾಥ ಕೇಳಿದ, "ಒಬ್ಬನೇ?"

"ಒಬ್ಬನೇ ಯಾಕ? ಸರ್ಕಾರ ಜೊತಿಗಿ ಅದ," ಎಂದು ಅವನು ಎದೆ ತಟ್ಟಿದ. ಅಂಗಿಯೊಳಗೆ ಪ್ಲಾಸ್ಟಿಕ್ ಟಪ್ ಎಂದಿತು.

ದಾಟುವ ಜಾಗಕ್ಕೆ ಬಂದು ಅವನು ರಸ್ತೆಯ ನಡುವೆ ನಿಂತ. ಕಾಗದವನ್ನು ಬಲಗೈಯಲ್ಲಿ ಎತ್ತಿ ಹಿಡಿದ. ಕುರಿಗಳು ಹಿಂದಿನಿಂದ ರಸ್ತೆಗೆ ಇಳಿದವು. ಬಿಸಿಲಿರಲಿಲ್ಲ. ಕಾಗದ ಹೊಳೆಯಲಿಲ್ಲ. ಹೈದರಾಬಾದ್ ಕಡೆಯಿಂದ ಬಂದದ್ದು ಸಿಮೆಂಟ್ ಹೊತ್ತ ಲಾರಿ. ಚಾಲಕ ಬ್ರೇಕ್ ಹಾಕಿದ್ದು ನಿಜ. ಒದ್ದೆ ರಸ್ತೆಯ ಮೇಲೆ ಅರವತ್ತು ಅಡಿ ಉದ್ದದ ಗುರುತು ಇತ್ತು. ಅಮೋಘಸಿದ್ದಪ್ಪ ಕೊನೆಯವರೆಗೂ ಕೈ ಇಳಿಸಲಿಲ್ಲ ಎಂದು ಚಾಲಕ ಆಮೇಲೆ ಹೇಳಿಕೆಯಲ್ಲಿ ಬರೆಸಿದ. ಕಾಳ್ಯಾ ಬೊಗಳುತ್ತ ಲಾರಿಯ ಮುಂದಕ್ಕೇ ಓಡಿತಂತೆ.

ಧೂಳಮ್ಮ ಮೇವಿನ ಹೊರೆಯನ್ನು ಹೊಲದಲ್ಲೇ ಕೆಡವಿ ಓಡಿಬಂದಳು. ಊರೆಲ್ಲ ಬಂತು. ಶರಣಕುಮಾರ ಅಮೋಘಸಿದ್ದಪ್ಪನನ್ನು ಆಂಬುಲೆನ್ಸಿಗೆ ಎತ್ತಿ ಹಾಕುವವರಲ್ಲಿ ಒಬ್ಬನಾಗಿದ್ದ. ಆ ದಿನ ಅವನು ಏನನ್ನೂ ವಿವರಿಸಲಿಲ್ಲ. ಅಮೋಘಸಿದ್ದಪ್ಪನಿಗೆ ಎಚ್ಚರವಿತ್ತು.

"ಕಾಗದ ಎಲ್ಲಿ?" ಎಂದ.

ಕಾಗದ ಚರಂಡಿಯಲ್ಲಿತ್ತು. ಪೊಲೀಸ್ ಪೇದೆ ಅದನ್ನು ಹೆಕ್ಕಿ ನೀರು ಝಾಡಿಸಿದ. ಒಂದು ಗೀರೂ ಬಿದ್ದಿರಲಿಲ್ಲ. ರುಬೀನಾಳ ಕೆಲಸ ಪಕ್ಕಾ ಇತ್ತು. ಪೇದೆ ಅದನ್ನು ಪಂಚನಾಮೆಯಲ್ಲಿ ಸೇರಿಸಿದ: ಸ್ಥಳದಲ್ಲಿ ದೊರೆತ ವಸ್ತುಗಳು, ಚಪ್ಪಲಿ ಒಂದು, ಕೋಲು ಒಂದು, ಪ್ಲಾಸ್ಟಿಕ್ ಹಾಳೆ ಒಂದು. ಮುಖ್ಯಮಂತ್ರಿಯ ಸಹಿ ಕೊನೆಗೂ ಒಂದು ಸರ್ಕಾರಿ ದಾಖಲೆಗೆ ಸೇರಿತು. ನಂಬರೂ ಸಿಕ್ಕಿತು.

ಗುರುವಾರ ಹನ್ನೊಂದು ಗಂಟೆಗೆ ತಹಸೀಲ್ದಾರರು ಬಂದರು. ನಕಾಶೆ ಬಿಚ್ಚಿದರು, ಅಳತೆಯವರು ಟೇಪ್ ಹಿಡಿದರು. ಹನ್ನೆರಡು ಅಡಿ ಸರಿಯಾಗಿ ಬಂತು. ಸಿಮೆಂಟ್ ಹಾಕಿದ ಎಂಟು ಕಂಬ ಕೀಳಲು ಜೆಸಿಬಿಗೆ ಇಪ್ಪತ್ತು ನಿಮಿಷ ಹಿಡಿಯಿತು. ದಾರಿಯಲ್ಲಿ ನಿಂತ ಕಬ್ಬನ್ನೂ ಅದೇ ಒರೆಸಿ ಹಾಕಿತು. ಧನರಾಜ ತಹಸೀಲ್ದಾರರಿಗೆ ಎಳನೀರು ತರಿಸಿದ.

"ಅರ್ಜಿದಾರರು ಯಾರು?" ತಹಸೀಲ್ದಾರರು ಕೇಳಿದರು. "ದಾರಿ ಉಪಯೋಗಿಸಿ ತೋರಿಸ್ರಿ. ಫೋಟೋ ಹಾಕಬೇಕು."

ಧೂಳಮ್ಮ ಆಸ್ಪತ್ರೆಯಿಂದ ಬೆಳಿಗ್ಗೆಯಷ್ಟೇ ಬಂದಿದ್ದಳು. ದೊಡ್ಡಿಗೆ ಹೋಗಿ ಬಾಗಿಲು ತೆಗೆದಳು. ಕುರಿಗಳು ಹೊರಬಂದು ಹಳೆಯ ಗುರುತು ಹಿಡಿದು ನಡೆದವು. ಅಂಬಾದಾಸ ಮೊಬೈಲ್ ಎತ್ತಿ ಹಿಡಿದು ಕಾಯುತ್ತಿದ್ದ.

"ಉಳಿದವು ಬರ್ಲಿ, ಒಮ್ಮೆಗೇ ತೆಗೀತೀನಿ," ಎಂದ.

"ಇಷ್ಟೇ," ಎಂದಳು ಧೂಳಮ್ಮ.

ಫೋಟೋದಲ್ಲಿ ಕುರಿ ಹದಿನಾಲ್ಕು. ವೇದಿಕೆಯ ಮೇಲೆ ಹೋದದ್ದು ಕಂಬಳಿ ಒಂದು, ಮರಿ ಒಂದು. ಹೆದ್ದಾರಿಯ ಮೇಲೆ ಹೋದದ್ದು ಕುರಿ ಮೂವತ್ತೊಂದು, ನಾಯಿ ಒಂದು, ಮೊಣಕಾಲಿನ ಕೆಳಗೆ ಎಡಗಾಲು ಒಂದು.